ಒಬ್ಬ ಆಟಗಾರ, ಇಬ್ಬರು ಮಾಲೀಕರು: ಇಟಲಿಯ ಪಾಲು ಪದ್ಧತಿ, ಬೆಂಗಳೂರಿನ ಎರವಲು ಆಟಗಾರರು ಮತ್ತು ನಮ್ಮೂರಿನ ಪಾಲಿನ ಕರು

ಧ್ವನಿ ಕೇಳಿಸ್ತಿದೆ ಅಂದುಕೊಳ್ತೀನಿ. ಕಳೆದ ತಿಂಗಳು ನನ್ನ ಸರದಿ ಬಂದಾಗ ನೆಟ್ ಕೈಕೊಟ್ಟು ಮಾತು ಅರ್ಧಕ್ಕೇ ನಿಂತುಹೋಗಿತ್ತು. ಇವತ್ತು ಕೆಲಮಂಗಲದ ಮನೆ ಬಿಟ್ಟು ಹೊಸೂರಿನಲ್ಲಿ ಗೆಳೆಯನ ರೂಮಿಗೆ ಬಂದು ಕೂತಿದ್ದೀನಿ. ಇದು ಆ ಮಾತಿನ ಪೂರ್ತಿ ರೂಪ. ಮಾತಿನ ಧಾಟಿಯನ್ನು ಬರಹದಲ್ಲೂ ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದ್ದೇನೆ.

ವಿಷಯ ಇಟಲಿಯ ಫುಟ್ಬಾಲ್. ಅಲ್ಲಿ ಬಹಳ ವರ್ಷ ಒಬ್ಬ ಆಟಗಾರನನ್ನು ಎರಡು ಕ್ಲಬ್ಬುಗಳು ಅರ್ಧರ್ಧ ಇಟ್ಟುಕೊಳ್ಳುವ ಪದ್ಧತಿ ಇತ್ತು. ಜನ ಅದನ್ನು ಕಂಪ್ರೊಪ್ರಿಯೆತಾ ಅನ್ನುತ್ತಿದ್ದರು, ಅಂದರೆ ಜಂಟಿ ಒಡೆತನ. ಕಾನೂನಿನ ಭಾಷೆಯಲ್ಲಿ ಅದು ಬರೀ ಪಾಲುಗಾರಿಕೆಯ ಒಪ್ಪಂದ. ಈ ವ್ಯತ್ಯಾಸ ಸಣ್ಣದಲ್ಲ. ಮನುಷ್ಯನನ್ನು ಯಾರೂ ಕೊಳ್ಳೋದಿಲ್ಲ. ಕ್ಲಬ್ ಕೊಳ್ಳುವುದು ಅವನ ನೋಂದಣಿಯನ್ನು, ಅವನ ಆಟದ ಕರಾರನ್ನು. ನಾಳೆ ಅವನು ಬೇರೆ ಕಡೆ ಹೋದರೆ ಬರುವ ದುಡ್ಡಿನ ಹಕ್ಕು ಇದಕ್ಕೆ ಅಂಟಿಕೊಂಡಿರುತ್ತೆ. ಇಟಲಿಯವರು ಮಾಡಿದ್ದು ಇಷ್ಟೇ: ನೋಂದಣಿ ಒಂದು ಕ್ಲಬ್ಬಿನದು, ಆಟ ಅಲ್ಲೇ, ಸಂಬಳವೂ ಅದೇ ಕ್ಲಬ್ಬಿನದು, ಆದರೆ ಮುಂದಿನ ದುಡ್ಡಿನ ಹಕ್ಕಿನಲ್ಲಿ ಅರ್ಧ ಇನ್ನೊಂದು ಕ್ಲಬ್ಬಿಗೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಹೊಸದು ಅನಿಸಲಿಲ್ಲ. ನಮ್ಮ ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆಯವರಿಗೆ ಕರು ಪಾಲಿಗೆ ಬಿಡೋದು ಗೊತ್ತು. ದುಡ್ಡಿರುವವರು ಹೆಣ್ಣುಕರು ತಂದು, ಕೊಟ್ಟಿಗೆ ಮತ್ತು ಆಳು ಇರುವ ಮನೆಗೆ ಬಿಡ್ತಾರೆ. ಮೇವು, ನೀರು, ರೋಗ ಬಂದಾಗ ರಾತ್ರಿ ಎದ್ದು ನೋಡೋದು, ಎಲ್ಲಾ ಸಾಕೋರದು. ಗೊಬ್ಬರವೂ ಅವರದೇ. ಕಡಸು ಗಬ್ಬ ನಿಂತ ಮೇಲೆ, ಇಲ್ಲಾ ಮೊದಲ ಸೂಲು ಈದ ಮೇಲೆ, ಊರಲ್ಲಿ ತಿಳಿದವರೊಬ್ಬರನ್ನು ಕೂರಿಸಿ ಬೆಲೆ ಕಟ್ಟಿಸ್ತಾರೆ. ಯಾರಿಗೆ ಹಸು ಬೇಕೋ ಅವರು ಇನ್ನೊಬ್ಬರಿಗೆ ಅರ್ಧ ಕೊಟ್ಟು ಇಟ್ಟುಕೊಳ್ತಾರೆ; ಇಬ್ಬರಿಗೂ ಬೇಡ ಅಂದರೆ ಸಂತೆಗೆ ಹೊಡೆದು ದುಡ್ಡು ಹಂಚಿಕೊಳ್ತಾರೆ. ನಮ್ಮ ಮನೇಲಿ ಒಂದು ನಿಯಮ ಇತ್ತು. ಬೆಲೆ ಕಟ್ಟೋರು ಸಿಗದಿದ್ದರೆ ಅಪ್ಪ ಬೆಲೆ ಹೇಳೋರು, ತಗೊಳ್ಳೋದೋ ಬಿಡೋದೋ ಅಂತ ಎದುರಿನವರು ತೀರ್ಮಾನ ಮಾಡೋರು. ಕಡಿಮೆ ಹೇಳಿದರೆ ಅವರು ಹಸು ತಗೊಂಡುಬಿಡ್ತಾರೆ, ಜಾಸ್ತಿ ಹೇಳಿದರೆ ಅದೇ ಬೆಲೆಗೆ ನಮ್ಮ ತಲೆಗೆ ಕಟ್ಟಿ ಹೋಗ್ತಾರೆ. ಹಾಗಾಗಿ ಅಪ್ಪ ಸುಳ್ಳು ಬೆಲೆ ಹೇಳೋ ಹಾಗೇ ಇರಲಿಲ್ಲ.

ಇಟಲಿಯಲ್ಲಿ ಬೆಲೆ ಕಟ್ಟೋ ಹಿರಿಯರ ಜಾಗದಲ್ಲಿ ಲಕೋಟೆ ಇತ್ತು. ಪ್ರತಿ ಜೂನ್ ತಿಂಗಳಲ್ಲಿ ಪಾಲಿನ ಒಪ್ಪಂದಗಳ ಗಡುವು ಬರುತ್ತಿತ್ತು. ಎರಡು ಕ್ಲಬ್ಬುಗಳು ಮಾತಾಡಿ ಇನ್ನೊಂದು ವರ್ಷ ಮುಂದುವರಿಸಬಹುದು, ಅಥವಾ ಒಬ್ಬರು ಇನ್ನೊಬ್ಬರ ಅರ್ಧ ಕೊಳ್ಳಬಹುದು. ಎರಡೂ ಆಗದಿದ್ದರೆ ತಮಗೆ ಆ ಅರ್ಧ ಎಷ್ಟಕ್ಕೆ ಬೇಕು ಅಂತ ಇಬ್ಬರೂ ಗುಟ್ಟಾಗಿ ಬರೆದು ಮುಚ್ಚಿದ ಲಕೋಟೆ ಕೊಡಬೇಕು. ದೊಡ್ಡ ಅಂಕಿ ಬರೆದವರು ಆ ಅಂಕಿಯನ್ನೇ ಸೋತವರಿಗೆ ಕೊಟ್ಟು ಆಟಗಾರನನ್ನು ಪೂರ್ತಿ ತಗೊಳ್ಳುತ್ತಿದ್ದರು. ಅಂಕಿ ಸಮವಾಗಿದ್ದರೆ, ಅಥವಾ ಯಾರೂ ಬರೆಯದಿದ್ದರೆ, ಅವನು ನೋಂದಣಿ ಇದ್ದ ಕ್ಲಬ್ಬಿಗೇ ಸೇರಿದವನು.

ಈ ಲಕೋಟೆಯ ಕಥೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಪಾವೊಲೊ ರೊಸ್ಸಿಯದು. 1977-78ರಲ್ಲಿ ಲಾನೆರೊಸ್ಸಿ ವಿಚೆನ್ಸಾ ಅನ್ನುವ ಸಣ್ಣ ಊರಿನ ತಂಡ ಸೆರಿ ಆ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂತು, ಮೊದಲನೆಯದು ಯುವೆಂಟಸ್. ವಿಚೆನ್ಸಾಗೆ ಆಡಿದ ರೊಸ್ಸಿ 24 ಗೋಲು ಹೊಡೆದು ಲೀಗಿಗೇ ಮೊದಲಿಗನಾದ. ಆದರೆ ಅವನಲ್ಲಿ ಅರ್ಧ ಯುವೆಂಟಸ್ಸಿನದು. ಮಾತುಕತೆ ಮುರಿದು ಲಕೋಟೆಗೆ ಬಂತು. ಯುವೆಂಟಸ್ ಬರೆದದ್ದು 87 ಕೋಟಿ 50 ಲಕ್ಷ ಲಿರಾ. ವಿಚೆನ್ಸಾದ ಅಧ್ಯಕ್ಷ ಜುಸೆಪ್ಪೆ ಫರೀನಾ ಬರೆದದ್ದು 261 ಕೋಟಿ 25 ಲಕ್ಷ 10 ಸಾವಿರ ಲಿರಾ. ಅರ್ಧಕ್ಕೆ ಮಾತ್ರ! ಇಟಲಿಯಲ್ಲಿ ದೊಡ್ಡ ಗಲಾಟೆಯೇ ಆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎದುರಿನವರ ಅಂಕಿ ಗೊತ್ತಿದ್ದಿದ್ದರೆ ಫರೀನಾಗೆ 88 ಕೋಟಿ ಸಾಕಾಗುತ್ತಿತ್ತು. ಉಳಿದ 170 ಕೋಟಿಗೂ ಮೀರಿದ ಲಿರಾ ಅವರ ಭಯದ ಬೆಲೆ. ಮುಂದಿನ ವರ್ಷವೇ, 1979ರಲ್ಲಿ, ರೊಸ್ಸಿಯನ್ನು ಇಟ್ಟುಕೊಂಡೂ ವಿಚೆನ್ಸಾ ಕೆಳಗಿನ ಲೀಗಿಗೆ ಜಾರಿತು. ಅವನನ್ನು ಪೆರೂಜಾ ತಂಡಕ್ಕೆ ಎರವಲು ಕೊಡಬೇಕಾಯಿತು. ಕೊನೆಗೆ ಅವನು ಯುವೆಂಟಸ್ಸಿಗೇ ಹೋದ, 1982ರ ವಿಶ್ವಕಪ್ಪಿನಲ್ಲಿ 6 ಗೋಲು ಹೊಡೆದ. ಅದು ಬೇರೆ ಕಥೆ.

ಹಾಗಾದರೆ ಲಕೋಟೆಯೇ ಕೆಟ್ಟದ್ದಾ? ಅರ್ಥಶಾಸ್ತ್ರದ ತರಗತಿಯವರು ಇಲ್ಲಿ ಇದ್ದೀರಿ, ನಿಮಗಾಗಿ ಒಂದು ಮಾತು. 1987ರಲ್ಲಿ ಕ್ರ್ಯಾಮ್ಟನ್, ಗಿಬ್ಬನ್ಸ್, ಕ್ಲೆಂಪರರ್ ಮೂವರೂ ಸೇರಿ ಪಾಲುಗಾರಿಕೆ ಮುರಿಯುವ ಬಗ್ಗೆ ಒಂದು ಪ್ರಬಂಧ ಬರೆದರು. ಸರಳವಾಗಿ ಹೇಳಿದರೆ, ಪಾಲು ಸಮವಾಗಿದ್ದಾಗ, ಇಬ್ಬರ ಸ್ಥಿತಿಯೂ ಒಂದೇ ಥರ ಇದ್ದಾಗ, ಹರಾಜಿನಿಂದ ವಸ್ತು ಹೆಚ್ಚು ಬೆಲೆ ಕೊಡುವವರ ಕೈಗೇ ಸೇರುವ ಹಾಗೆ, ಯಾರಿಗೂ ನಷ್ಟವಾಗದ ಹಾಗೆ ಮಾಡಬಹುದು. ಒಬ್ಬನೇ ಪೂರ್ತಿ ಮಾಲೀಕನಾಗಿದ್ದು ಇನ್ನೊಬ್ಬ ಬರೀ ಕೊಳ್ಳುವವನಾಗಿದ್ದರೆ ಅಷ್ಟು ಸುಲಭವಲ್ಲ. ಮಾಲೀಕ ಬೆಲೆ ಏರಿಸುತ್ತಾನೆ, ಕೊಳ್ಳುವವನು ಇಳಿಸುತ್ತಾನೆ, ಕುದುರಬೇಕಾದ ವ್ಯಾಪಾರವೂ ಮುರಿಯುತ್ತೆ. ಅರ್ಧರ್ಧ ಇದ್ದಾಗ ನಾನು ಕೊಳ್ಳುವವನೋ ಮಾರುವವನೋ ನನಗೇ ಗೊತ್ತಿರೋದಿಲ್ಲ, ಅದಕ್ಕೇ ಸುಳ್ಳು ಹೇಳುವ ಆಸೆ ಕಡಿಮೆ. ಅಪ್ಪ ಈ ಪ್ರಬಂಧ ಓದಿರಲಿಲ್ಲ, ಆದರೆ ಅವರ ನಿಯಮದ ಲೆಕ್ಕವೂ ಇದೇ.

ಕೊಕ್ಕೆ ಇರುವುದು ‘ಇಬ್ಬರ ಸ್ಥಿತಿಯೂ ಒಂದೇ ಥರ’ ಅನ್ನುವ ಮಾತಿನಲ್ಲಿ. ಯುವೆಂಟಸ್, ವಿಚೆನ್ಸಾ ಒಂದೇ ಥರದವಲ್ಲ. ಒಂದಕ್ಕೆ ರೊಸ್ಸಿ ಹೋದರೆ ಇನ್ನೊಬ್ಬ ಸಿಗ್ತಾನೆ, ಇನ್ನೊಂದಕ್ಕೆ ಅವನು ಹೋದರೆ ಕಾಯಲು ಏನೂ ಉಳಿಯೋದಿಲ್ಲ. ಬಹುಪಾಲು ಸಲ ಇದು ಉಲ್ಟಾ ನಡೆಯುತ್ತೆ: ಸಣ್ಣವನ ಜೇಬಲ್ಲಿ ದುಡ್ಡಿಲ್ಲ, ಆಟಗಾರ ಬೇಕಿದ್ದರೂ ಸಣ್ಣ ಅಂಕಿ ಬರೀತಾನೆ.

ಆದರೂ ಸಣ್ಣ ಕ್ಲಬ್ಬಿಗೆ ಲಾಭ ಇರಲಿಲ್ಲ ಅಂತ ಅಲ್ಲ. ಸೆಬಾಸ್ಟಿಯನ್ ಜೊವಿಂಕೊ ಯುವೆಂಟಸ್ಸಿನ ಹುಡುಗ, ಅಲ್ಲಿ ಜಾಗ ಸಿಗಲಿಲ್ಲ. ಪಾರ್ಮಾ ಮೊದಲು ಎರವಲು ತಗೊಂಡು, 2011ರಲ್ಲಿ ಅರ್ಧವನ್ನು 30 ಲಕ್ಷ ಯೂರೊಗೆ ಕೊಂಡಿತು. ಅವನು ಅಲ್ಲಿ ಬೆಳೆದ. 2012ರಲ್ಲಿ ಯುವೆಂಟಸ್ ಅದೇ ಅರ್ಧವನ್ನು 1 ಕೋಟಿ 10 ಲಕ್ಷ ಯೂರೊ ಕೊಟ್ಟು ವಾಪಸ್ ತಗೊಂಡಿತು. ಬರೀ ಎರವಲು ಆಗಿದ್ದರೆ ಪಾರ್ಮಾಗೆ ಅವನನ್ನು ಬೆಳೆಸಿದ್ದಕ್ಕೆ ಏನೂ ಸಿಗ್ತಿರಲಿಲ್ಲ. ಪೂರ್ತಿ ಮಾರಿದ್ದಿದ್ದರೆ ಯುವೆಂಟಸ್ ಅವನನ್ನು ಕಳಕೊಳ್ತಿತ್ತು, ಇಲ್ಲಾ ಎರಡರಷ್ಟು ಕೊಡಬೇಕಾಗ್ತಿತ್ತು. ಇಬ್ಬರಿಗೂ ಅವನು ಆಡೋದು ಬೇಕಿತ್ತು, ಅವನಿಗೂ ಆಡೋದೇ ಬೇಕಿತ್ತು. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ಪರವಾದ ವಾದಗಳಲ್ಲಿ ಇದೇ ಗಟ್ಟಿ. ಉಳಿದವೆಲ್ಲ ಇದರ ಮರಿಗಳು.

ಇನ್ನೊಂದು ಮುಖವೂ ಇದೆ. 2013ರಲ್ಲಿ ಸಾಸ್ಸುವೊಲೊ ತಂಡದ ದೊಮೆನಿಕೊ ಬೆರಾರ್ದಿಯ ಅರ್ಧ ಯುವೆಂಟಸ್ಸಿಗೆ ಹೋಯಿತು, ಯುವೆಂಟಸ್ಸಿನ ಲೂಕಾ ಮರ್ರೋನೆಯ ಅರ್ಧ ಸಾಸ್ಸುವೊಲೊಗೆ ಬಂತು. ಎರಡೂ ಅರ್ಧಗಳಿಗೆ ಒಂದೇ ಬೆಲೆ, 45 ಲಕ್ಷ ಯೂರೊ. ಅಂದರೆ ಕೈಯಿಂದ ಕೈಗೆ ಕಾಸು ಹೋಗಬೇಕಾಗಿಯೇ ಇರಲಿಲ್ಲ. ಈ ವ್ಯವಹಾರದಲ್ಲಿ ತಪ್ಪಿತ್ತು ಅಂತ ನಾನು ಹೇಳ್ತಿಲ್ಲ. ಬೆರಾರ್ದಿ ನಿಜಕ್ಕೂ ಒಳ್ಳೆಯ ಆಟಗಾರ, ಮುಂದಿನ ಜನವರಿಯಲ್ಲೇ ಮಿಲಾನ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ 4 ಗೋಲು ಹೊಡೆದ. ನಾನು ಹೇಳೋದು ಲೆಕ್ಕದ ದಾರಿಯ ಬಗ್ಗೆ. ಸಂತೆಯಲ್ಲಿ ಬೆಲೆ ಆಗದ ಎರಡು ಕರುಗಳಿಗೆ ಇಬ್ಬರೂ ಸೇರಿ ಲಕ್ಷ ಲಕ್ಷ ಅಂತ ಬರೆದುಕೊಂಡು ಅದಲುಬದಲು ಮಾಡಿದರೆ, ಪುಸ್ತಕದಲ್ಲಿ ಇಬ್ಬರಿಗೂ ಲಾಭ ಕಾಣುತ್ತೆ, ಪೆಟ್ಟಿಗೆಯಲ್ಲಿ ಮಾತ್ರ ಕಾಸು ಇರೋದಿಲ್ಲ. ಅರ್ಧದ ಬೆಲೆ ಇಬ್ಬರೇ ಕೂತು ತೀರ್ಮಾನಿಸುವಲ್ಲಿ ಈ ಆಸೆ ಇದ್ದೇ ಇರುತ್ತೆ. ಜೊತೆಗೆ, ಅರ್ಧ ಒಡೆತನದ ಕ್ಲಬ್ಬಿನ ವಿರುದ್ಧವೇ ಅವನು ಕಣಕ್ಕಿಳಿಯುವ ಭಾನುವಾರಗಳು ಬರುತ್ತಿದ್ದವು. ಹೊರದೇಶದ ಕ್ಲಬ್ಬಿಗೆ ಅವನು ಬೇಕಾದರೆ ಇಬ್ಬರ ಬಾಗಿಲೂ ತಟ್ಟಬೇಕು; ಒಬ್ಬ ಹೂಂ ಅಂದು ಇನ್ನೊಬ್ಬ ಊಹೂಂ ಅಂದರೆ ಮುಗೀತು. 2014ರ ಮೇ 27ರಂದು ಇಟಲಿಯ ಫುಟ್ಬಾಲ್ ಸಂಸ್ಥೆ ಈ ಪದ್ಧತಿಯನ್ನೇ ತೆಗೆದುಹಾಕಿತು. ಚಾಲ್ತಿಯಲ್ಲಿದ್ದ ಒಪ್ಪಂದಗಳಿಗೆ ಇನ್ನೊಂದು ವರ್ಷ ಬಿಟ್ಟರು. 2015ರ ಜೂನಿಗೆ ಎಲ್ಲ ಮುಗಿಯಿತು.

ಈಗ ನಮ್ಮ ಹತ್ತಿರಕ್ಕೆ ಬರ್ತೀನಿ. ಹೊಸೂರಿನಿಂದ ಕಂಠೀರವ ಕ್ರೀಡಾಂಗಣಕ್ಕೆ ಸುಮಾರು 40 ಕಿಲೋಮೀಟರ್. ಅತ್ತಿಬೆಲೆ ದಾಟಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬೆವರಿ, ವೆಸ್ಟ್ ಬ್ಲಾಕಿನ ಡ್ರಮ್ಮಿನ ಸದ್ದಿಗೆ ಸೇರಿಕೊಂಡವರು ನಮ್ಮಲ್ಲಿ ಕೆಲವರು ಇದ್ದೀವಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ಅದು ಅಕ್ಟೋಬರಿನಿಂದ ಡಿಸೆಂಬರ್ ತನಕ, ಐ-ಲೀಗ್ ಜನವರಿಯಿಂದ ಮೇ ತಿಂಗಳ ತನಕ. ಎರಡರ ಕಾಲ ಬೇರೆ, ಆಟಗಾರರು ಮಾತ್ರ ಅವರೇ. 2015ರ ಜುಲೈ 10ರಂದು ಮುಂಬೈಯಲ್ಲಿ ಹತ್ತು ಆಟಗಾರರ ಹರಾಜು ನಡೆಯಿತು. ಅದರಲ್ಲಿ ಐದು ಜನ ಹಿಂದಿನ ಸೀಸನ್ನಿನಲ್ಲಿ ಬೆಂಗಳೂರಿಗೆ ಆಡಿದ್ದವರು. ಸುನಿಲ್ ಛೆಟ್ರಿ 1.2 ಕೋಟಿ ರೂಪಾಯಿಗೆ ಮುಂಬೈಗೆ, ಯುಜೀನ್ಸನ್ ಲಿಂಗ್ಡೊ 1.05 ಕೋಟಿಗೆ ಪುಣೆಗೆ, ರಿನೊ ಆಂಟೊ 90 ಲಕ್ಷಕ್ಕೆ ಕೋಲ್ಕತ್ತಕ್ಕೆ, ಥೋಯ್ ಸಿಂಗ್ ಚೆನ್ನೈಗೆ, ರಾಬಿನ್ ಸಿಂಗ್ ದಿಲ್ಲಿಗೆ. ಚಳಿಗಾಲದಲ್ಲಿ ಒಂದು ಅಂಗಿ, ಬೇಸಿಗೆಯಲ್ಲಿ ಇನ್ನೊಂದು. ಕೆಲವರ ಮೂಲ ಕರಾರು ಈ ಕಡೆ, ಕೆಲವರದು ಆ ಕಡೆ.

ನೋಡೋಕೆ ಇದೂ ಹಂಚಿಕೆಯೇ, ಆದರೆ ಇಟಲಿಯ ಥರದ್ದಲ್ಲ. ಅಲ್ಲಿ ಹಂಚಿದ್ದು ಬೆಲೆಯನ್ನು, ಇಲ್ಲಿ ಹಂಚಿದ್ದು ತಿಂಗಳುಗಳನ್ನು. ಇದು ಪಾಲಿನ ಕರು ಅಲ್ಲ, ಬಾಡಿಗೆ ಎತ್ತು. ಬಾಡಿಗೆ ಎತ್ತನ್ನು ತಂದವನು ಉತ್ತು ಮುಗಿಸಿ ವಾಪಸ್ ಕಟ್ತಾನೆ. ಅದರ ಗೊರಸು ಮುಂದಿನ ವರ್ಷ ಹೇಗಿರುತ್ತೆ ಅನ್ನೋದು ಅವನ ತಲೆನೋವಲ್ಲ. ಎರವಲು ಪದ್ಧತಿಯ ಮೂಲ ದೋಷ ಇದು ಅಂತ ನನಗನ್ನಿಸುತ್ತೆ.

ತಿಂಗಳುಗಳೂ ಸರಿಯಾಗಿ ಹಂಚಿಕೆಯಾಗಲಿಲ್ಲ. 2016ರಲ್ಲಿ ಬೆಂಗಳೂರು ಎಎಫ್‌ಸಿ ಕಪ್ಪಿನಲ್ಲಿ ಮುಂದೆ ಮುಂದೆ ಹೋಗ್ತಾ ಇತ್ತು. ಸೂಪರ್ ಲೀಗ್ ಅಕ್ಟೋಬರ್ 1ಕ್ಕೆ ಶುರು. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿದ ರಾತ್ರಿ ಛೆಟ್ರಿ ಎರಡು ಗೋಲು ಹೊಡೆದರು. ಮುಂಬೈ ತಂಡ ಆ ಹೊತ್ತಿಗೆ ಅವರಿಲ್ಲದೆ ಲೀಗ್ ಆಡ್ತಾ ಇತ್ತು. ಫೈನಲ್ ನವೆಂಬರ್ 5ಕ್ಕೆ ದೋಹಾದಲ್ಲಿ, ಇರಾಕಿನ ಅಲ್-ಖುವಾ ಅಲ್-ಜವಿಯಾ ವಿರುದ್ಧ 0-1ರ ಸೋಲು. ಅದಾದ ಮೇಲಷ್ಟೇ ಆಟಗಾರರು ತಂತಮ್ಮ ಸೂಪರ್ ಲೀಗ್ ತಂಡಗಳಿಗೆ ಹೋದರು. ಸಿ. ಕೆ. ವಿನೀತ್ ಅಷ್ಟು ತಡವಾಗಿ ಕೇರಳ ಬ್ಲಾಸ್ಟರ್ಸ್ ಸೇರಿಯೂ 5 ಗೋಲು ಹೊಡೆದು ತಂಡವನ್ನು ಫೈನಲ್ ತನಕ ತಂದರು. ಕೇರಳದವರಿಗೆ ಅದು ಹಬ್ಬ. ಆದರೆ ಬೆಂಗಳೂರಿನ ಕಣ್ಣಿಂದ ನೋಡಿ: ಅವರು ಗಾಯಗೊಂಡಿದ್ದರೆ? ಆಟಗಾರನ ಕಣ್ಣಿಂದ ನೋಡಿ: ವಿಶ್ರಾಂತಿ ಎಲ್ಲಿ? 2017-18ರಲ್ಲಿ ಬೆಂಗಳೂರು ತಾನೇ ಸೂಪರ್ ಲೀಗಿಗೆ ಸೇರಿತು, ಎರಡೂ ಲೀಗು ಒಟ್ಟಿಗೇ ನಡೆಯತೊಡಗಿದವು, ಆ ಹಂಚಿಕೆ ನಿಂತಿತು.

ಗಾಯದ ಮಾತು ನಾನು ಸುಮ್ಮನೆ ಎತ್ತಲಿಲ್ಲ. ಈ ವಿಷಯ ನಾನು ಆರಿಸಿಕೊಂಡದ್ದಕ್ಕೆ ಕಾರಣವೇ ಅದು. ನಮ್ಮ ದೊಡ್ಡಪ್ಪನ ಮಗ, ಅಣ್ಣ, ಒಳ್ಳೆಯ ಗೋಲ್‌ಕೀಪರ್. ವಾರದ ಕೊನೆಗೆ ಹೊಸೂರಿನ ಒಂದು ತಂಡಕ್ಕೆ, ನಡುವಿನ ದಿನಗಳಲ್ಲಿ ಗಡಿಯಾಚೆಯ ಒಂದು ತಂಡಕ್ಕೆ ಆಡ್ತಿದ್ದ. ಎರಡು ತಂಡದ ಮ್ಯಾನೇಜರುಗಳೂ ಚಹಾ ಅಂಗಡಿಯಲ್ಲಿ ಕೂತು ಬಾಯಿಮಾತಲ್ಲಿ ಒಪ್ಪಿಕೊಂಡಿದ್ದರು: ದೊಡ್ಡ ಕ್ಲಬ್ ಯಾವುದಾದರೂ ಇವನನ್ನು ಕೇಳಿಕೊಂಡು ಬಂದರೆ ಬಂದದ್ದರಲ್ಲಿ ಅರ್ಧ ಅರ್ಧ. ಅಣ್ಣನಿಗೆ ಖುಷಿ. ‘ನನ್ನನ್ನ ಇಬ್ಬರು ಇಟ್ಕೊಂಡಿದಾರೆ ಕಣೋ’ ಅಂತಿದ್ದ. ಒಂದು ಬುಧವಾರ ಮೊಣಕಾಲು ತಿರುಚಿತು, ಒಳಗಿನ ಕಟ್ಟು ಹರಿದಿತ್ತು. ಗಡಿಯಾಚೆಯವರು, ಮೊದಲೇ ಭಾನುವಾರ ನಿಮ್ಮಲ್ಲಿ ಆಡುವಾಗ ನೋವು ಅಂತಿದ್ನಲ್ಲ ಅಂದರು. ಹೊಸೂರಿನವರು, ಬಿದ್ದದ್ದು ನಿಮ್ಮ ಪಂದ್ಯದಲ್ಲಿ ಅಂದರು. ಸ್ಕ್ಯಾನಿನ ದುಡ್ಡೂ ಬರಲಿಲ್ಲ. ಆ ಒಪ್ಪಂದದಲ್ಲಿ ಬರುವ ಲಾಭಕ್ಕೆ ಮಾತಿತ್ತು, ಖರ್ಚಿಗೆ ಇರಲಿಲ್ಲ. ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಆಗ ಒಂದು ಪಾಲಿನ ಕಡಸು ಇತ್ತು, ಇನ್ನೂ ಗಬ್ಬ ನಿಂತಿರಲಿಲ್ಲ. ಅದರ ಪಾಲುಗಾರರನ್ನು ಕರೆಸಿ, ಇದ್ದ ಬೆಲೆಗೆ ತಮ್ಮ ಅರ್ಧ ಬಿಟ್ಟುಕೊಟ್ಟು ಆಪರೇಷನ್ನಿಗೆ ದುಡ್ಡು ಹೊಂದಿಸಿದರು. ಆ ಪಾಲುಗಾರರು ಒಂದು ಮಾತು ಹೆಚ್ಚು ಕಡಿಮೆ ಮಾಡಲಿಲ್ಲ, ಅದನ್ನೂ ಹೇಳಬೇಕು.

ಹಾಗಾಗಿ ಇಟಲಿಯ ಪದ್ಧತಿಯನ್ನು ತೂಗುವಾಗ ನಾನು ಕೇಳುವ ಪ್ರಶ್ನೆ ಒಂದೇ: ಸಾಕುವ ಖರ್ಚು ಯಾರದು ಅನ್ನೋದು ಕಾಗದದಲ್ಲಿ ಇತ್ತಾ? ಇತ್ತು. ಆಡಿಸುವ ಕ್ಲಬ್ಬೇ ಸಂಬಳ ಕೊಡಬೇಕು, ಒಬ್ಬನೇ ಧಣಿ, ಒಂದೇ ನೋಂದಣಿ. ಆ ಮಟ್ಟಿಗೆ ಅದು ನಮ್ಮ ಚಹಾ ಅಂಗಡಿಯ ಒಪ್ಪಂದಕ್ಕಿಂತ ಎಷ್ಟೋ ವಾಸಿ. ಪಾಲು ಇಟ್ಟುಕೊಂಡವರಿಬ್ಬರೂ ಕ್ಲಬ್ಬುಗಳೇ ಆಗಿದ್ದರು ಅನ್ನೋದೂ ಮುಖ್ಯ. ದಕ್ಷಿಣ ಅಮೆರಿಕದಲ್ಲಿ ಹೂಡಿಕೆದಾರರು, ಏಜೆಂಟರ ಕಂಪನಿಗಳು ಆಟಗಾರರ ಪಾಲು ಕೊಳ್ಳುತ್ತಿದ್ದವು. 2006ರಲ್ಲಿ ಕಾರ್ಲೋಸ್ ತೆವೆಸ್, ಹಾವಿಯೆರ್ ಮಸ್ಕೆರಾನೊ ಹಾಗೆ ವೆಸ್ಟ್ ಹ್ಯಾಮಿಗೆ ಬಂದಾಗ ಗಲಾಟೆಯಾಗಿ, ಮರುವರ್ಷ ಆ ಕ್ಲಬ್ಬಿಗೆ 55 ಲಕ್ಷ ಪೌಂಡ್ ದಂಡ ಬಿತ್ತು. ಹೊರಗಿನವರ ಒಡೆತನವನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿತು. ಇಟಲಿಯದೂ ಅದೇ ಹೊತ್ತಿಗೆ ಮುಗಿದದ್ದರಿಂದ ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ತಾರೆ. ಅಲ್ಲ.

ತೆಗೆದುಹಾಕಿದ ಮೇಲೆ ಏನಾಯಿತು? ಅದೇ ಕೆಲಸ ಬೇರೆ ಹೆಸರಲ್ಲಿ ನಡೀತಿದೆ: ಕೊಳ್ಳುವ ಹಕ್ಕಿನ ಎರವಲು, ಕೊಳ್ಳಲೇಬೇಕಾದ ಎರವಲು, ವಾಪಸ್ ಕೊಳ್ಳುವ ಷರತ್ತು, ಮುಂದಿನ ಮಾರಾಟದಲ್ಲಿ ಶೇಕಡಾ ಇಷ್ಟು. ಬೆಲೆಯನ್ನು ಮೊದಲೇ ಬರೆದಿಡೋದರಿಂದ ಲಕೋಟೆಯ ಜೂಜು ಹೋಯಿತು, ಆದರೆ ಹುಡುಗ ಚೆನ್ನಾಗಿ ಬೆಳೆದರೆ ದೊಡ್ಡ ಕ್ಲಬ್ ಬರೆದಿಟ್ಟ ಕಡಿಮೆ ಬೆಲೆಗೇ ಹೊತ್ತೊಯ್ಯುತ್ತೆ. ಲಕೋಟೆಯಲ್ಲಿ ಪಾರ್ಮಾದಂಥವರಿಗೆ ಇದ್ದ ಚೌಕಾಸಿಯ ಬಲ ಇಲ್ಲಿಲ್ಲ. ಎರವಲುಗಳ ಲೆಕ್ಕ ಮಿತಿಮೀರಿದ್ದರಿಂದ ಫಿಫಾ 2022ರಿಂದ ಅಂತರರಾಷ್ಟ್ರೀಯ ಎರವಲಿಗೆ ಕಡಿವಾಣ ಹಾಕಿತು. ಮೊದಲು ಎಂಟು, ಆಮೇಲೆ ಏಳು, 2024ರಿಂದ ಆರು ಆಟಗಾರರು ಮಾತ್ರ. 21ರ ಒಳಗಿನವರಿಗೂ ಕ್ಲಬ್ಬು ತಾನೇ ಬೆಳೆಸಿದವರಿಗೂ ವಿನಾಯಿತಿ ಇದೆ.

ಪ್ರಶ್ನೋತ್ತರದಲ್ಲಿ ಬಂದ ಎರಡನ್ನು ಇಲ್ಲಿ ಸೇರಿಸ್ತೀನಿ. ವಾಣಿಜ್ಯ ವಿಭಾಗದ ಮೇಡಂ ಕೇಳಿದ್ದು: ‘ಈ ಪದ್ಧತಿ ನಮ್ಮಲ್ಲಿಗೆ ಬಂದರೆ ಒಪ್ತೀಯಾ?’ ಸಣ್ಣ ಕ್ಲಬ್ಬುಗಳ ದೃಷ್ಟಿಯಿಂದ ಒಪ್ತೀನಿ ಮೇಡಂ, ಮೂರು ಷರತ್ತಿನ ಮೇಲೆ. ಲಕೋಟೆ ಒಡೆಯುವ ಮೊದಲು ಆಟಗಾರನೂ ತನಗೆ ಯಾವ ಕ್ಲಬ್ ಬೇಕು ಅಂತ ಬರೆದು ಕೊಡಬೇಕು. ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಅವನ ಮಾತೇ ನಡೀಬೇಕು. ಚಿಕಿತ್ಸೆಯ ಖರ್ಚು ಇಬ್ಬರ ಮೇಲೂ ಪಾಲಿನ ಲೆಕ್ಕದಲ್ಲೇ ಬರಬೇಕು, ಯಾವ ಪಂದ್ಯದಲ್ಲಿ ಬಿದ್ದ ಅನ್ನೋ ಪ್ರಶ್ನೆಯೇ ಏಳಬಾರದು. ಪಾಲು ಅದಲುಬದಲು ಮಾಡುವುದಾದರೆ ಬೆಲೆಯನ್ನು ಹೊರಗಿನ ಮೂರನೆಯವರು ಕಟ್ಟಬೇಕು. ‘ಇಷ್ಟೆಲ್ಲ ಹಾಕಿದ್ರೆ ಯಾವ ಕ್ಲಬ್ ಬರುತ್ತೆ?’ ಅಂದರು ಮೇಡಂ. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಇನ್ನೊಂದು, ಚಾಟಿನಲ್ಲಿ ಬಂದದ್ದು: ಅಣ್ಣ ಈಗ ಏನು ಮಾಡ್ತಿದ್ದಾನೆ? ಆಡೋದು ಬಿಟ್ಟ. ಸಿಪ್‌ಕಾಟಿನ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ, ರಜೆಯ ದಿನ ಬೆಳಿಗ್ಗೆ ಸಣ್ಣ ಹುಡುಗರಿಗೆ ಕೀಪಿಂಗ್ ಕಲಿಸ್ತಾನೆ. ಅವರಲ್ಲೊಬ್ಬನನ್ನು ಮೊನ್ನೆ ಎರಡು ತಂಡದವರು ಕೇಳಿಕೊಂಡು ಬಂದಿದ್ದರು. ಅಣ್ಣ ಇಬ್ಬರನ್ನೂ ಕೂರಿಸಿ, ಒಂದು ಬಿಳಿ ಹಾಳೆ ಮುಂದಿಟ್ಟು, ಮೊದಲು ಮೊಣಕಾಲಿನ ಖರ್ಚು ಯಾರದು ಬರೀರಿ ಅಂದನಂತೆ. ಒಬ್ಬರು ಎದ್ದು ಹೋದರು, ಇನ್ನೊಬ್ಬರು ಬರೆದರು.